ಕೊಡೆ ಬೀದಿಯ ಎರಡು ನಿಮಿಷ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಮೂವರು ಬಂದರು. ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದ ಕಾರ್ಯದರ್ಶಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಒಬ್ಬ ವಿದೇಶಿ ನಿರ್ದೇಶಕಿ, ಅವಳ ಮಾತನ್ನು ತಿರುಗಿಸಿ ಹೇಳಲು ಬಂದ ಅನುವಾದಕಿ. ನಿರ್ದೇಶಕಿ ದಾರಿಯಲ್ಲೇ ಅತ್ತು ಮುಗಿಸಿದ್ದಳು. ಈಗ ಅವಳ ಮುಖದಲ್ಲಿ ಉಳಿದದ್ದು ಸಿಟ್ಟು ಮಾತ್ರ.

"ಏನು ಕಳುವಾಗಿದೆ?" ದಫೇದಾರ ಕೇಳಿದ.

"ಮೊದಲು ಎರಡು ನಿಮಿಷ. ಆಮೇಲೆ ಒಂದು ಡಿಸ್ಕ್," ಎಂದ ಕಾರ್ಯದರ್ಶಿ.

ದಫೇದಾರ ಪೆನ್ನು ಕೆಳಗಿಟ್ಟ. "ಸಾರ್, ಎರಡು ನಿಮಿಷ ಕದ್ದರೆ ಯಾವ ಸೆಕ್ಷನ್ನು? ನಮ್ಮನೆಯವಳು ನೋಡೋ ಧಾರಾವಾಹಿಯವರು ದಿನಾ ಅರ್ಧ ಗಂಟೆ ಕದೀತಾರೆ. ಅವರನ್ನೂ ಒಳಗೆ ಹಾಕಬಹುದಾ?"

"ನೀನು ಬರ್ಕೋ," ಎಂದು ಇನ್ಸ್‌ಪೆಕ್ಟರ್ ಹೊರಗೆ ಬಂದು ಕುರ್ಚಿ ಎಳೆದುಕೊಂಡರು. ಮಹಿಳಾ ಕಾನ್‌ಸ್ಟೆಬಲ್ ಮೊಬೈಲನ್ನು ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಒರಗಿಸಿಟ್ಟು ಹೇಳಿಕೆಯನ್ನು ಚಿತ್ರೀಕರಿಸಲು ಶುರುಮಾಡಿದಳು. ಪರಭಾಷೆಯವರ ಹೇಳಿಕೆಗೆ ಅದು ಠಾಣೆಯ ರೂಢಿ.

ದೂರು ಹೀಗಿತ್ತು. ನಿರ್ದೇಶಕಿಯ ಚಿತ್ರದ ಹೆಸರು 'ಕೊಡೆ ಬೀದಿ'. ಅವಳ ದೇಶದ ಒಂದು ಬೀದಿಯಲ್ಲಿ ಹಳೇ ಕೊಡೆ ರಿಪೇರಿ ಮಾಡುವವರ ಬಗ್ಗೆ ಹನ್ನೊಂದು ನಿಮಿಷದ ಚಿತ್ರ. ನಿನ್ನೆ ಪ್ರದರ್ಶನದಲ್ಲಿ ಅದು ಒಂಬತ್ತೇ ನಿಮಿಷಕ್ಕೆ ಮುಗಿಯಿತು. ನಡುವಿನ ಒಂದು ದೃಶ್ಯ ಇರಲಿಲ್ಲ. ಉತ್ಸವದ ಯಂತ್ರದಲ್ಲಿದ್ದ ಪ್ರತಿಯಲ್ಲೂ ಇರಲಿಲ್ಲ. ಅವಳು ಜಗಳವಾಡಿದ ಮೇಲೆ, ಇವತ್ತು ಸಂಜೆ ಐದಕ್ಕೆ ಪೂರ್ತಿ ಚಿತ್ರವನ್ನು ಮತ್ತೆ ನೋಡಲು ತೀರ್ಪುಗಾರರು ಒಪ್ಪಿದ್ದರು. ಪೂರ್ತಿ ಚಿತ್ರವಿದ್ದ ಡಿಸ್ಕ್ ಅವಳ ಕೈಚೀಲದಲ್ಲೇ ಇತ್ತು. ಬೆಳಿಗ್ಗೆ ಅತಿಥಿಗಳ ಕೋಣೆಯಲ್ಲಿ ಚೀಲವಿಟ್ಟು ಕಾಫಿಗೆ ಹೋಗಿ ಬರುವಷ್ಟರಲ್ಲಿ ಡಿಸ್ಕ್ ಇರಲಿಲ್ಲ.

"ಬೇರೆ ಪ್ರತಿ ಇಲ್ವಾ?"

"ಇದೆ. ಅವರ ಊರಲ್ಲಿ, ಬೀಗ ಹಾಕಿದ ಮನೇಲಿ," ಎಂದಳು ಅನುವಾದಕಿ. "ತೀರ್ಪು ಇವತ್ತೇ."

"ಆ ಎರಡು ನಿಮಿಷದಲ್ಲಿ ಅಂಥದ್ದೇನಿದೆ?"

ಅನುವಾದಕಿ ಕೇಳಿದಳು. ನಿರ್ದೇಶಕಿ ತುಂಬ ಹೊತ್ತು ಮಾತಾಡಿದಳು. ಕೈಯಿಂದ ನೆಲ ತೋರಿಸಿದಳು, ಕಿಟಕಿಯಾಚೆಗಿನ ಬೀದಿ ತೋರಿಸಿದಳು, ಎದೆ ಮುಟ್ಟಿಕೊಂಡಳು.

"ಒಬ್ಬ ಕೊಡೆ ರಿಪೇರಿಯವನು ಮಾತಾಡ್ತಾನೆ," ಎಂದಳು ಅನುವಾದಕಿ.

"ಅಷ್ಟೇನಾ?"

"ಅಷ್ಟೇ ಸಾರ್."

ಹನ್ನೊಂದು ಗಂಟೆಗೆ ಕಳವಿನ ಎಫ್‌ಐಆರ್ ದಾಖಲಾಯಿತು.

ಉತ್ಸವ ನಡೆಯುತ್ತಿದ್ದದ್ದು ಹಳೇ ಚಿತ್ರಮಂದಿರದಲ್ಲಿ. ಒಳಗೆ ಚಿತ್ರ ಓಡುತ್ತಿತ್ತು. ಬಾಗಿಲ ಪರದೆ ಸರಿಸಿದ ದಫೇದಾರನ ಕಾಲಿನ ಮುಂದೆ ಬೆಳಕಿನ ಒಂದು ದುಂಡು ಬಿಲ್ಲೆ ಬಂದು ಬಿತ್ತು.

"ಮೆಟ್ಟಿಲಿದೆ, ನೋಡ್ಕೊಂಡು ಬನ್ನಿ," ಎಂದಿತು ಕತ್ತಲಲ್ಲಿ ಒಂದು ಹೆಂಗಸಿನ ದನಿ. "ಬೂಟು ಶಬ್ದ ಮಾಡ್ಬೇಡಿ. ಕುದುರೆ ಇನ್ನೂ ಸಿಕ್ಕಿಲ್ಲ."

ಪರದೆಯ ಮೇಲೆ ಒಬ್ಬ ಮುದುಕಿ ಹಿಮದಲ್ಲಿ ತನ್ನ ಕುದುರೆಯನ್ನು ಹುಡುಕುತ್ತಿದ್ದಳು. ಬೆಳಕು ಹಿಡಿದವಳನ್ನು ಎಲ್ಲರೂ ಕರೆಯುವುದು ಟಾರ್ಚಮ್ಮ ಎಂದು. ಇಪ್ಪತ್ತು ವರ್ಷದಿಂದ ಜನರನ್ನು ಸೀಟಿಗೆ ಕೂರಿಸುತ್ತಿದ್ದಳು. ಒಂದು ಆಟವನ್ನೂ ತಪ್ಪಿಸಿದವಳಲ್ಲ.

"ಎಷ್ಟು ಥರದ ಸಿನಿಮಾ ಇದೆಯಮ್ಮಾ ಇಲ್ಲಿ?" ದಫೇದಾರ ಪಿಸುಗುಟ್ಟಿದ.

"ಅಯ್ಯೋ, ಕೇಳ್ಬೇಡಿ. ಜೇಡಿಮಣ್ಣಿನ ಕಪ್ಪೆ ಮದುವೆಯಾಗೋದು ಒಂದು. ಲಿಫ್ಟ್‌ನಲ್ಲಿ ಸಿಕ್ಕಿಹಾಕ್ಕೊಂಡ ಇಬ್ಬರು ವಕೀಲರದ್ದು ಒಂದು. ಒಬ್ಬಳು ಬರೀ ಅಂಗಿ ಇಸ್ತ್ರಿ ಮಾಡ್ತಾಳೆ, ಒಂದು ಮಾತಿಲ್ಲ, ಜನ ಕಣ್ಣೊರಸ್ಕೊಂಡು ಹೋದ್ರು. ನನ್ನ ಮಗಳೇ ಎಲ್ಲಕ್ಕೂ ಅಡಿಯಲ್ಲಿ ಅಕ್ಷರ ಹಾಕಿರೋದು." ದನಿಯಲ್ಲಿ ಹೆಮ್ಮೆ ಇತ್ತು.

ಮಹಿಳಾ ಕಾನ್‌ಸ್ಟೆಬಲ್ ತಿರುಗಿ ನೋಡಿದಳು. ಅನುವಾದಕಿ ಬಾಗಿಲಲ್ಲೇ ನಿಂತಿದ್ದಳು. ಪರದೆಯನ್ನು ನೋಡುತ್ತಿರಲಿಲ್ಲ, ತಾಯಿಯನ್ನು ನೋಡುತ್ತಿದ್ದಳು. ಜ್ವರ ಬಂದ ಮಗುವನ್ನು ನೋಡುವ ಹಾಗೆ.

ಅತಿಥಿಗಳ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಚೀಲದಲ್ಲಿದ್ದ ಹಣ, ಪಾಸ್‌ಪೋರ್ಟ್, ಕ್ಯಾಮೆರಾ ಹಾಗೇ ಇದ್ದವು. ಕಳ್ಳ ಡಿಸ್ಕನ್ನಷ್ಟೇ ತೆಗೆದು, ಚೀಲದ ಜಿಪ್ ಎಳೆದು, ಚೀಲವನ್ನು ಮೊದಲಿದ್ದ ಹಾಗೇ ಗೋಡೆಗೆ ಒರಗಿಸಿ ಹೋಗಿದ್ದ.

"ಮನೆಯವರ ಥರ ಕದ್ದಿದ್ದಾನೆ," ಎಂದ ದಫೇದಾರ.

ಇನ್ಸ್‌ಪೆಕ್ಟರ್ ಕಾರ್ಯದರ್ಶಿಯ ಕಡೆ ತಿರುಗಿದರು. "ಪೂರ್ತಿ ಹನ್ನೊಂದು ನಿಮಿಷ ನೋಡಿದವರು ಯಾರ್ಯಾರು?"

"ನಾವು ಆಯ್ಕೆ ಮಾಡಿದಾಗ ಅದು ಒಂಬತ್ತು ನಿಮಿಷದ್ದೇ ಇತ್ತು ಸಾರ್. ಆ ದೃಶ್ಯ ಆಮೇಲೆ ಸೇರಿಸಿ ಕಳಿಸಿದ್ರು. ಬಂದ ಸಿನಿಮಾ ಮೊದಲು ಸಬ್‌ಟೈಟಲ್ ಕೋಣೆಗೆ, ಅಲ್ಲಿಂದ ಆಪರೇಟರ್ ಹತ್ರ. ಬೇರೆ ಯಾರೂ ನೋಡಿಲ್ಲ."

ಆಪರೇಟರ್ ಮೇಲಿನ ಯಂತ್ರದ ಕೋಣೆಯಲ್ಲಿದ್ದ. ಪೊಲೀಸರನ್ನು ಕಂಡದ್ದೇ ಬೆವರಿದ.

"ನೀವು ಪೂರ್ತಿ ನೋಡಿದ್ರಾ?"

"ಇಲ್ಲ ಸಾರ್. ಪ್ರತಿ ಸಿನಿಮಾದ್ದೂ ಮೊದಲನೇ ನಿಮಿಷ, ಕೊನೇ ನಿಮಿಷ ಹಾಕಿ ನೋಡ್ತೀವಿ. ಶಬ್ದ ಬರುತ್ತಾ, ಅಕ್ಷರ ಬರುತ್ತಾ ಅಂತ. ನಡುವೆ ನೋಡೋಕೆ ಪುರುಸೊತ್ತೆಲ್ಲಿ?"

"ನೀವು ನಡುವೆ ನೋಡಲ್ಲ ಅಂತ ಯಾರಿಗೆ ಗೊತ್ತು?"

"ಇಲ್ಲಿ ಕೆಲಸ ಮಾಡೋ ಎಲ್ಲರಿಗೂ."

"ಹಾಕಿ, ನೋಡೋಣ."

ಕೋಣೆಯ ಪುಟ್ಟ ಪರದೆಯ ಮೇಲೆ ಕತ್ತರಿಸಿದ ಪ್ರತಿ ಓಡಿತು. ಪರದೆ ತುಂಬ ಕೈಗಳು. ತಂತಿ ಬಗ್ಗಿಸುವ ಕೈ, ಬಟ್ಟೆ ಎಳೆಯುವ ಕೈ, ಸೂಜಿಗೆ ದಾರ ಪೋಣಿಸುವ ಕೈ. ಹಿನ್ನೆಲೆಯಲ್ಲಿ ನಿರ್ದೇಶಕಿಯ ದನಿ, ಕೆಳಗೆ ಅದರ ಅರ್ಥ. ಎಲ್ಲಿ ಕತ್ತರಿ ಬಿದ್ದಿದೆ ಎಂದು ಇನ್ಸ್‌ಪೆಕ್ಟರಿಗೆ ಗೊತ್ತೇ ಆಗಲಿಲ್ಲ. ಮತ್ತೊಮ್ಮೆ ಹಾಕಿಸಿದರು. ಮೂರನೇ ಸಲ ಅರ್ಧಕ್ಕೆ ಕೈ ಎತ್ತಿ ನಿಲ್ಲಿಸಿದರು.

"ಈ ಅಕ್ಷರ ಚಿತ್ರದ ಜೊತೆಗೇ ಅಂಟಿರುತ್ತಾ?"

"ಇಲ್ಲ ಸಾರ್. ಬೇರೆ ಫೈಲು. ಯಾವ ಸಾಲು ಯಾವ ಕ್ಷಣಕ್ಕೆ ಬರಬೇಕು ಅಂತ ಅದರಲ್ಲಿ ಹಾಕಿರ್ತಾರೆ."

"ನಡುವೆ ಎರಡು ನಿಮಿಷ ಕಿತ್ತುಹಾಕಿದ್ರೆ?"

"ಅಲ್ಲಿಂದಾಚೆ ಎಲ್ಲ ಸಾಲೂ ಎರಡು ನಿಮಿಷ ತಡವಾಗಿ..." ಆಪರೇಟರ್ ಮಾತು ನಿಲ್ಲಿಸಿ ಪರದೆ ನೋಡಿದ.

"ನಮ್ಮನೆ ಟೀವಿಲಿ ಒಂದ್ಸಲ ಹಂಗಾಗಿತ್ತು," ಎಂದ ದಫೇದಾರ. "ಅತ್ತೆ ಬೈತಿದ್ರೆ ಕೆಳಗೆ 'ಐ ಲವ್ ಯೂ' ಅಂತ ಬರ್ತಿತ್ತು."

ಇಲ್ಲಿ ಹಾಗಾಗಿರಲಿಲ್ಲ. ಕತ್ತರಿಸಿದ ಜಾಗದ ಆಚೆಗೂ ಪ್ರತಿ ಸಾಲು ಮಾತು ಶುರುವಾದಾಗ ಬಂದು, ಮುಗಿದಾಗ ಹೋಗುತ್ತಿತ್ತು. ದೃಶ್ಯ ಕದ್ದವರು ಕೂತು, ಉಳಿದ ಒಂದೊಂದು ಸಾಲನ್ನೂ ಅದರ ಮಾತಿನ ಕೆಳಗೆ ಸರಿಯಾಗಿ ಕೂರಿಸಿದ್ದರು. ಯಾರೂ ಕೇಳದ ಕೆಲಸ. ಆದರೆ ಹಾಗೇ ಬಿಟ್ಟು ಎದ್ದು ಹೋಗಲು ಅವರಿಂದ ಆಗಿರಲಿಲ್ಲ.

ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಕಡೆ ನೋಡಿದರು. "ಬೆಳಿಗ್ಗೆಯ ವೀಡಿಯೊ ಭಾಷಾ ಕಾಲೇಜಿಗೆ ಕಳಿಸು. ಮೇಷ್ಟ್ರ ಹತ್ರ ಅರ್ಥ ಹೇಳಿಸು. ಪೂರ್ತಿ."

ಉತ್ತರ ಬರುವಾಗ ಮೂರು ದಾಟಿತ್ತು. ಕಾನ್‌ಸ್ಟೆಬಲ್ ಅದನ್ನು ಮೆಟ್ಟಿಲ ಮೇಲೆ ನಿಂತು, ತಗ್ಗಿದ ದನಿಯಲ್ಲಿ ಓದಿದಳು. ನಿರ್ದೇಶಕಿ ಹೇಳಿದ್ದು ಇಷ್ಟು: ಆ ಕೊಡೆ ರಿಪೇರಿಯವನು ಇದೇ ಊರಿನವನು. ದೃಶ್ಯದಲ್ಲಿ ಅವನು ಮಾತಾಡುವುದು ಇಲ್ಲಿನ ಭಾಷೆಯನ್ನೇ. ಅವನನ್ನು ಗುರುತಿಸುವವರು ಯಾರಾದರೂ ಸಿಗಬಹುದೆಂದೇ ಚಿತ್ರವನ್ನು ಈ ಉತ್ಸವಕ್ಕೆ ಕಳಿಸಿದೆ. ನಿನ್ನೆ ವೇದಿಕೆಯ ಮೇಲೂ ಅದನ್ನೇ ಹೇಳಿದೆ.

"ನಿನ್ನೆ ವೇದಿಕೆ ಮೇಲೆ ಅನುವಾದಕಿ ಏನಂದ್ಲಂತೆ?"

"ಕಾರ್ಯದರ್ಶಿನ ಕೇಳ್ದೆ ಸಾರ್. 'ಎಲ್ಲರಿಗೂ ವಂದನೆಗಳು' ಅಂದ್ಲಂತೆ."

ಸಬ್‌ಟೈಟಲ್ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಕುರ್ಚಿಯ ಬೆನ್ನಿಗೆ ಹಾಕಿದ ಒಂದು ಸ್ವೆಟರ್. ಅನುವಾದಕಿ ಎದ್ದು ನಿಂತಳು.

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್. "ಬೆಳಿಗ್ಗೆ ಅತಿಥಿಗಳ ಕೋಣೆಗೆ ಹೋಗಿದ್ರಾ?"

"ದಿನಾ ಹೋಗ್ತೀನಿ."

"ಡಿಸ್ಕ್ ಎಲ್ಲಿದೆ?"

"ನಂಗೇನು ಗೊತ್ತು?"

"ಕತ್ತರಿಸಿದ ಮೇಲೆ ಸಾಲುಗಳನ್ನ ಯಾಕಮ್ಮಾ ಸರಿ ಮಾಡಿದ್ರಿ? ಹಾಗೇ ಬಿಟ್ಟಿದ್ರೆ ಯಂತ್ರದ ತೊಂದರೆ ಅಂದ್ಕೋತಿದ್ರು. ನಾವು ಆಪರೇಟರನ್ನ ಹಿಡೀತಿದ್ವಿ."

ಅವಳು ಕೈಚೀಲ ತೆರೆದು, ಕರವಸ್ತ್ರದಲ್ಲಿ ಸುತ್ತಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟಳು.

"ಸೇತುವೆ ತನಕ ಹೋಗಿದ್ದೆ ಎಸೆಯೋಕೆ. ಕೈ ಬರಲಿಲ್ಲ."

ಪಂಚರನ್ನು ಕರೆಸಲಾಯಿತು. ಅವರ ಎದುರೇ ಡಿಸ್ಕನ್ನು ಯಂತ್ರಕ್ಕೆ ಹಾಕಿ ಆ ದೃಶ್ಯವನ್ನು ನೋಡಿದರು. ಬಿಳಿ ಗಡ್ಡದ ಒಬ್ಬ ಮನುಷ್ಯ, ತೊಡೆಯ ಮೇಲೆ ಮುರಿದ ಕೊಡೆ. ಪುಟ್ಟ ಹುಡುಗಿಯೊಬ್ಬಳು ಅವನ ಬೆನ್ನು ಹತ್ತಿ ಕುತ್ತಿಗೆಗೆ ಜೋತುಬಿದ್ದಿದ್ದಳು. ಅವನು ಕ್ಯಾಮೆರಾ ನೋಡಿ ಬಾಯ್ತುಂಬ ನಕ್ಕ.

"ನಮ್ಮೂರಲ್ಲಿ ನನ್ನ ಸತ್ತೋರ ಲೆಕ್ಕಕ್ಕೆ ಸೇರಿಸಿರ್ತಾರೆ. ಹಡಗು ಮುಳುಗಿತು, ನಾನು ಅದನ್ನ ಹತ್ತೇ ಇರಲಿಲ್ಲ. ವಾಪಸ್ ಹೋಗಿ ಹೇಳೋಣ ಅಂದ್ಕೊಂಡೆ... ಇವತ್ತು, ನಾಳೆ ಅಂತ ಆಗೋಯ್ತು. ಈಗ ಹಾಯಾಗಿದೀನಿ. ಸತ್ತೋನ್ನ ಯಾರೂ ಊಟಕ್ಕೆ ಕಾಯಲ್ಲ."

ದಫೇದಾರ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಮಗೇನಾಗಬೇಕು ಇವರು?" ಇನ್ಸ್‌ಪೆಕ್ಟರ್ ಕೇಳಿದರು.

"ಅಪ್ಪ."

"ತಾಯಿಗೆ ಗೊತ್ತಿಲ್ಲ?"

"ಮನೇಲಿ ಫೋಟೋ ಇದೆ ಸಾರ್. ದಿನಾ ಬೆಳಿಗ್ಗೆ ಅದರ ಧೂಳು ಒರೆಸಿ ಕೆಲಸಕ್ಕೆ ಹೊರಡ್ತಾರೆ. ಎಷ್ಟು ಕಷ್ಟ ಬಂದ್ರೂ 'ಅವರಿದ್ದಿದ್ರೆ ಹೀಗಾಗ್ತಿರಲಿಲ್ಲ' ಅಂತಾರೆ. ಅದೊಂದು ಮಾತಿನ ಮೇಲೆ ನನ್ನ ಸಾಕಿದಾರೆ." ಅವಳು ಪರದೆಯ ಕಡೆ ನೋಡಲಿಲ್ಲ. "ಆಟ ನೋಡಬೇಡ ಅಂತ ಅವರಿಗೆ ಹೆಂಗೆ ಹೇಳಲಿ? ಟಾರ್ಚ್ ಹಿಡ್ಕೊಂಡು ಒಳಗೇ ನಿಂತಿರ್ತಾರೆ. ಬೇರೆ ದೃಶ್ಯ ಆಗಿದ್ರೆ ತಪ್ಪು ಅರ್ಥ ಬರೆದು ಮುಚ್ಚಿಹಾಕ್ತಿದ್ದೆನೋ ಏನೋ. ಇದಕ್ಕೆ ಸಬ್‌ಟೈಟಲ್ಲೇ ಬೇಡ ಸಾರ್. ಅಪ್ಪ ಹೇಳಿದ್ದು ಹಾಲ್‌ನಲ್ಲಿರೋರಿಗೆಲ್ಲ ಅರ್ಥ ಆಗುತ್ತೆ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ನಾಲ್ಕಕ್ಕೆ ಸ್ವಲ್ಪ ಬಾಕಿ ಇತ್ತು. ಪಂಚರ ಎದುರು ಆಪರೇಟರ್ ಚಿತ್ರದ ಒಂದು ಪ್ರತಿ ತೆಗೆದುಕೊಂಡ. ಡಿಸ್ಕನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಲಾಯಿತು. ಪ್ರತಿ ನಿರ್ದೇಶಕಿಯ ಕೈಗೆ ಹೋಯಿತು. ಐದರ ಆಟ ನಡೆಯಲಿತ್ತು.

"ಒಂದೇ ಒಂದು ಕೇಳ್ತೀನಿ ಸಾರ್," ಎಂದಳು ಅನುವಾದಕಿ. "ನನ್ನ ಕರ್ಕೊಂಡು ಹೋಗಿ, ಏನಾದ್ರೂ ಮಾಡಿ. ಅಮ್ಮ ಮಾತ್ರ ಐದು ಗಂಟೆಗೆ ಒಳಗಿರಬಾರದು."

"ಬಂಧಿಸಿದರೆ ಹತ್ತಿರದ ಸಂಬಂಧಿಗೆ ತಿಳಿಸಬೇಕು. ಪತ್ರಕ್ಕೆ ಸಹಿ ಹಾಕಿಸಬೇಕು. ನಿಮಗೆ ಬೇರೆ ಯಾರಿದ್ದಾರೆ?"

ಅವಳು ತಲೆ ಅಲ್ಲಾಡಿಸಿದಳು. ಯಾರೂ ಇರಲಿಲ್ಲ.

ಠಾಣೆಗೆ ಟಾರ್ಚಮ್ಮ ಕೆಲಸದ ನೀಲಿ ಕೋಟಿನಲ್ಲೇ ಬಂದಳು. ಗಾಬರಿಯಲ್ಲಿ ಕೈಯಲ್ಲಿದ್ದ ಟಾರ್ಚ್ ಆರಿಸಲು ಮರೆತಿದ್ದಳು. ಹಗಲಿನಲ್ಲಿ ಅದು ಪೆಚ್ಚಾಗಿ ಉರಿಯುತ್ತಿತ್ತು. ಮಗಳು ಒಳಗಿನ ಕೋಣೆಯ ಬೆಂಚಿನ ಮೇಲಿದ್ದಳು, ನಡುವೆ ತೆರೆದ ಬಾಗಿಲು.

"ಏನು ಮಾಡಿದ್ಲು ನನ್ನ ಕೂಸು?"

"ಒಂದು ಸಿನಿಮಾದಲ್ಲಿ ಎರಡು ನಿಮಿಷ ಕತ್ತರಿಸಿ, ಅದರ ಡಿಸ್ಕ್ ತಗೊಂಡಿದ್ಲು. ಸಿಕ್ಕಿದೆ. ನಾಳೆ ಕೋರ್ಟಿಗೆ ಹಾಜರು ಮಾಡ್ತೀವಿ, ಜಾಮೀನು ಸಿಗುತ್ತೆ." ಇನ್ಸ್‌ಪೆಕ್ಟರ್ ಅಷ್ಟಕ್ಕೇ ನಿಲ್ಲಿಸಲು ನೋಡಿದರು.

"ಯಾವ ಸಿನಿಮಾ?"

ಬೆಂಚಿನ ಮೇಲಿದ್ದವಳು ಎದ್ದು ನಿಂತಳು.

"ಕೊಡೆದು," ಎಂದರು ಇನ್ಸ್‌ಪೆಕ್ಟರ್.

ಟಾರ್ಚಮ್ಮ ಟಾರ್ಚ್ ಆರಿಸಿದಳು. ಸ್ವಲ್ಪ ಹೊತ್ತು ಆರಿದ ಗಾಜನ್ನೇ ನೋಡಿದಳು.

"ನಿನ್ನೆ ನೋಡ್ದೆ," ಎಂದಳು. "ಬರೀ ಕೈ ತೋರಿಸ್ತಾರಲ್ಲ, ಅದರಲ್ಲಿ ಒಂದು ಜೊತೆ ಕೈ, ದಾರ ಹಲ್ಲಲ್ಲಿ ಕಡಿಯೋಕೆ ಮುಂಚೆ ಹೆಬ್ಬೆರಳಿಗೆ ಎರಡು ಸುತ್ತು ಸುತ್ಕೊಂಡ್ವು. ಮನೇಲಿ ಅವರು ಗುಂಡಿ ಹಚ್ಚುವಾಗ 'ಬೆರಳು ಕುಯ್ದುಕೊಳ್ಳುತ್ತೆ ಬಿಡ್ರೀ' ಅಂತ ನಾನೇ ಎಷ್ಟೋ ಸಲ ಬೈದಿದೀನಿ. ಮುಖ ಬರುತ್ತೆ ಅಂತ ಕಾದೆ. ಬರಲಿಲ್ಲ. ಒಳ್ಳೇದೇ ಆಯ್ತು ಅಂದ್ಕೊಂಡೆ. ಮಗಳಿಗೆ ತಿಳಿದ್ರೆ ಸಂಕಟಪಡ್ತಾಳೆ ಅಂತ ಬಾಯಿ ಬಿಡಲಿಲ್ಲ."

"ಅಮ್ಮಾ," ಎಂದಳು ಒಳಗಿದ್ದವಳು.

"ಬರ್ತೀನಿರು." ಟಾರ್ಚಮ್ಮ ಪತ್ರವನ್ನು ಹತ್ತಿರ ಎಳೆದುಕೊಂಡು, ತೋರಿಸಿದ ಕಡೆ ನಿಧಾನವಾಗಿ ಸಹಿ ಹಾಕಿದಳು. ಒಳಗೆ ಹೋಗಿ ಮಗಳ ಮುಖವನ್ನು ಕೋಟಿನ ತೋಳಿನಿಂದ ಒರೆಸಿದಳು. "ಹುಚ್ಚಿ. ಮುಖ ಕತ್ತರಿಸಿ ಕೈ ಬಿಟ್ಟಿದೀಯಲ್ಲೇ. ಮೂವತ್ತಾಗುತ್ತಾ ಬಂತು, ಒಂದು ಕಳ್ಳತನ ನೆಟ್ಟಗೆ ಮಾಡೋಕೆ ಬರಲ್ಲ."

ಮಗಳು ಅಳುತ್ತಲೇ ನಕ್ಕಳು.

ಟಾರ್ಚಮ್ಮ ಹೊರಗೆ ಬಂದು ಗೋಡೆಯ ಗಡಿಯಾರ ನೋಡಿದಳು. "ನಾನು ಹೊರಡಬಹುದಾ ಸಾರ್? ಐದರ ಆಟಕ್ಕೆ ಜನ ಬರ್ತಾರೆ. ಕತ್ತಲಲ್ಲಿ ಮೆಟ್ಟಿಲು ಕಾಣಲ್ಲ."

"ಇವತ್ತೊಂದು ದಿನ ಬೇರೆ ಯಾರಾದ್ರೂ..."

"ಬೇರೆ ಯಾರೂ ಇಲ್ಲ."

ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್‌ಗೆ ಕಣ್ಸನ್ನೆ ಮಾಡಿದರು. ಅವಳು ಜೊತೆಗೆ ಹೋದಳು.

ಆರು ಗಂಟೆಗೆ ಹಿಂತಿರುಗಿದ ಕಾನ್‌ಸ್ಟೆಬಲ್ ವರದಿ ಮಾಡಿದ್ದು ಸ್ವಲ್ಪವೇ. ಚಿತ್ರ ಪೂರ್ತಿ ಓಡಿತು. ಮುದುಕ ನಕ್ಕಾಗ ಸಭೆಯಲ್ಲೂ ಕೆಲವರು ನಕ್ಕರು. ಕೊನೆಗೆ ಜೋರು ಚಪ್ಪಾಳೆ. ಆ ಎರಡು ನಿಮಿಷದ ನಡುವೆ ತಡವಾಗಿ ಬಂದ ಗಂಡ ಹೆಂಡತಿಯನ್ನು ಟಾರ್ಚಮ್ಮ ಸೀಟಿಗೆ ಕರೆದುಕೊಂಡು ಹೋದಳು. ಬೆಳಕು ಮೆಟ್ಟಿಲ ಮೇಲೇ ಇತ್ತು, ಅಲುಗಾಡಲಿಲ್ಲ. "ಗುರುತಿಸೋರು ಯಾರಾದ್ರೂ ಇದಾರಾ ಅಂತ ಆ ಮೇಡಂ ವೇದಿಕೆ ಮೇಲಿಂದ ಕೇಳಿದ್ರು ಸಾರ್. ಕಾಲೇಜಿನ ಮೇಷ್ಟ್ರು ಅದನ್ನ ಸರಿಯಾಗಿ ತಿರುಗಿಸಿ ಹೇಳಿದ್ರು. ಯಾರೂ ಕೈ ಎತ್ತಲಿಲ್ಲ."

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಆರೋಪಿ ಡಿಸ್ಕನ್ನು ಮಾರಲು ಯತ್ನಿಸಿಲ್ಲ, ಹಾಳು ಮಾಡಿಲ್ಲ ಎಂದು ಬರೆದರು. ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಒಳಗಿನ ಕೋಣೆಯಲ್ಲಿ ದಫೇದಾರ ಅನುವಾದಕಿಗೆ ಟೀ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳುತ್ತಿದ್ದ.

'ತಾಯಿ ಒರೆಸುವ ಫೋಟೋ ಅಲ್ಲೇ ಇರಲಿ ಎಂದು' ಎಂದು ಬರೆದು, ಕೆಳಗೆ ದಿನಾಂಕ ಹಾಕಿದರು.