ಬಾಲಂಗೋಚಿ ಇಳಿದು ಬಂದ ದಿನ

ಐನೂರು ಕಿಲೋಮೀಟರ್ ಎತ್ತರದಲ್ಲಿ, ಫ್ರಿಜ್ಜಿನಷ್ಟು ದೊಡ್ಡದಾದ ಉಪಗ್ರಹವೊಂದು ತನ್ನ ಹೊಟ್ಟೆಯಿಂದ ಉದ್ದನೆಯ ತಂತಿಯನ್ನು ಭೂಮಿಯ ಕಡೆಗೆ ಇಳಿಬಿಟ್ಟಿತು. ಕೂದಲಿಗಿಂತ ತುಸು ದಪ್ಪ, ಆದರೆ ಹತ್ತು ಕಿಲೋಮೀಟರ್ ಉದ್ದ. ಭೂಮಿಯ ಕಾಂತಕ್ಷೇತ್ರವನ್ನು ಸೀಳಿಕೊಂಡು ಓಡುತ್ತಿದ್ದ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟಿತು. ಡೈನಮೋ ಹಚ್ಚಿದ ಸೈಕಲ್ಲಿನ ಪೆಡಲ್ ಭಾರವಾಗುವಂತೆ, ಉಪಗ್ರಹದ ಓಟವೂ ಭಾರವಾಯಿತು. ಅದು ಮೆಲ್ಲನೆ ಕೆಳಗಿಳಿಯತೊಡಗಿತು. ಒಂದು ತೊಟ್ಟು ಇಂಧನವೂ ಖರ್ಚಾಗಲಿಲ್ಲ.

ಮಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಡಾ. ವೇದಾವತಿ ಸಾಲಿಯಾನ್ ಪರದೆ ನೋಡುತ್ತ ನಿಂತಿದ್ದರು. ತಂತಿಯ ಬ್ರೇಕನ್ನು ಕಂಡುಹಿಡಿದವರು ಅವರೇ. ಗಾಳಿಪಟದ ಬಾಲದಂತೆ ತಂತಿ ನೇತಾಡುವುದರಿಂದ ಉಪಗ್ರಹಕ್ಕೆ ‘ಬಾಲಂಗೋಚಿ’ ಎಂದು ಹೆಸರಿಟ್ಟವರೂ ಅವರೇ. ಅವರ ಪಕ್ಕದ ಕುರ್ಚಿಯಲ್ಲಿ ಮೈಮೂನಾ ಎಂಬ ಹೆಂಗಸು ಸೆರಗಿನ ತುದಿಯನ್ನು ಹಿಂಡುತ್ತ ಕುಳಿತಿದ್ದಳು. ಅವಳ ಗಂಡ ಇದ್ದಿನಬ್ಬ ‘ರಹಮತ್’ ಎಂಬ ಮಂಜಿಯ ತಂಡೇಲ, ಅಂದರೆ ನಾಯಕ. ಡೀಸೆಲ್ ಕಾಲ ಮುಗಿದ ಮೇಲೆ ಮರದ ಆ ಹಾಯಿಹಡಗುಗಳು ಹಳೆ ಬಂದರಿಗೆ ಮತ್ತೆ ಮರಳಿದ್ದವು. ಲಕ್ಷದ್ವೀಪಕ್ಕೆ ತರಕಾರಿ, ಕೋಳಿ ತುಂಬಿಕೊಂಡು ಹೊರಟ ರಹಮತ್ ಚಂಡಮಾರುತಕ್ಕೆ ಸಿಕ್ಕಿತ್ತು. ಸಿಡಿಲು ಬಡಿದು ರೇಡಿಯೋ ಸತ್ತಿತ್ತು. ಕಾವಲು ಹಡಗುಗಳು ಹುಡುಕಿ ಸೋತಿದ್ದವು. ದಟ್ಟ ಮೋಡದ ಕೆಳಗೆ ಒಂದು ಮರದ ಹಡಗನ್ನು ಗುರುತಿಸುವಷ್ಟು ಸೂಕ್ಷ್ಮವಾದ ರೇಡಾರ್ ಇದ್ದದ್ದು ಬಾಲಂಗೋಚಿಯಲ್ಲಿ ಮಾತ್ರ. ಆದರೆ ಮರುದಿನ ಅದರ ಹಾದಿ ಗಾಳಿ ಮಂಜಿಯನ್ನು ತಳ್ಳಿರಬಹುದಾದ ಜಾಗಕ್ಕಿಂತ ಬಹಳ ಪಶ್ಚಿಮಕ್ಕೆ ಬೀಳುವುದಿತ್ತು. ಅದನ್ನು ಬೇಗ ಬರುವಂತೆ ಮಾಡಲೆಂದೇ ವೇದಾವತಿ ತಂತಿ ಇಳಿಬಿಡಿಸಿದ್ದರು.

“ಬೇಗ ಬರ್ಲಿಕ್ಕೆ ಬ್ರೇಕ್ ಹಾಕುದಾ ಅಕ್ಕ? ಇದೆಂಥ ಲೆಕ್ಕ?” ಮೈಮೂನಾ ಕೇಳಿದಳು.

ವೇದಾವತಿ ನಕ್ಕರು. “ಎಲ್ಲರೂ ಇದನ್ನೇ ಕೇಳುದು. ಬ್ರೇಕ್ ಹಾಕಿದ್ರೆ ಅದು ಭೂಮಿ ಕಡೆಗೆ ಬೀಳ್ತದೆ. ಬೀಳುವಾಗ ವೇಗ ಕಳಕೊಂಡದ್ದಕ್ಕಿಂತ ಜಾಸ್ತಿ ಸಿಗ್ತದೆ. ಕೆಳಗೆ ಸುತ್ತೂ ಸಣ್ಣದು. ಒಂದೊಂದು ಸುತ್ತಿಗೆ ಎರಡೆರಡು ನಿಮಿಷ ಉಳೀತದೆ. ಅಷ್ಟು ಬೇಗ ಬಂದ್ರೆ, ಅಡಿಯಲ್ಲಿ ಭೂಮಿ ಅಷ್ಟು ಕಡಿಮೆ ತಿರುಗಿರ್ತದೆ. ಹಾಗಾಗಿ ಅದರ ಹಾದಿ ಪೂರ್ವಕ್ಕೆ, ನಿಮ್ಮವರ ಕಡೆಗೆ ಸರೀತದೆ.”

“ಮೇಲೆ ಎಷ್ಟು ವೇಗ?”

“ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಆದ್ರೆ ನೆಲದ ಮೇಲೆ ಅದರ ನೇರ ಕೆಳಗಿನ ಬಿಂದು ಸ್ವಲ್ಪ ನಿಧಾನ ಓಡ್ತದೆ, ಯಾಕಂದ್ರೆ ಭೂಮಿಯ ಸುತ್ತಳತೆ ಅದರ ಕಕ್ಷೆಗಿಂತ ಚಿಕ್ಕದಲ್ವಾ? ಆದ್ರೂ ಇಲ್ಲಿಂದ ಕಾಸರಗೋಡು ಏಳು ಸೆಕೆಂಡಿನ ದಾರಿ.”

“ನಮ್ಮ ಬಸ್ಸಿನವರಿಗೆ ಹೇಳ್ಬೇಡಿ, ಅದನ್ನೂ ಪ್ರಯತ್ನ ಮಾಡ್ತಾರೆ,” ಎಂದಳು ಮೈಮೂನಾ. ಹೇಳಿದ ಮೇಲೆ ಅವಳಿಗೆ ಅಳು ಬಂತು.

ಅಷ್ಟರಲ್ಲಿ ನಿರ್ದೇಶಕ ಉಡುಪರು ಗಾಬರಿಯಿಂದ ಒಳಗೆ ಬಂದರು. “ವೇದಾವತಿಯವರೇ, ಹಾದಿ ಬದಲಿಸಿ ಎಂತ ಮಾಡ್ತಿದ್ದೀರಿ? ನಾಳೆ ಹೊಸ ಸೇತುವೆಯ ಉದ್ಘಾಟನೆ. ಮೇಲಿನಿಂದ ಚಿತ್ರ ಕೊಡ್ತೇವೆ ಅಂತ ಮಂತ್ರಿಗಳಿಗೆ ಹೇಳಿ ಆಗಿದೆ!”

“ಸೇತುವೆ ನಾಡಿದ್ದೂ ಅಲ್ಲೇ ಇರ್ತದೆ ಸರ್. ಮಂಜಿ ಇರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ಉಡುಪರು ಮೈಮೂನಾಳನ್ನು ನೋಡಿದರು. “ಸರಿ, ಮಂತ್ರಿಗಳಿಗೆ ನಾನೇ ಫೋನ್ ಮಾಡ್ತೇನೆ,” ಎಂದು ಹೊರಟುಹೋದರು.

ಮರುದಿನ ಬಾಲಂಗೋಚಿ ಅರಬ್ಬೀ ಸಮುದ್ರದ ಮೇಲೆ ಹಾದುಹೋದಾಗ ಪರದೆಯ ಕಪ್ಪಿನಲ್ಲಿ ಅಕ್ಕಿಕಾಳಿನಂಥ ಒಂದು ಬಿಳಿ ಚುಕ್ಕೆ ಮೂಡಿತು. ಕಾವಲು ಹಡಗು ಅತ್ತ ಧಾವಿಸಿತು. ಮಧ್ಯಾಹ್ನದ ಹೊತ್ತಿಗೆ ಆ ಹಡಗಿನ ರೇಡಿಯೋದಲ್ಲಿ, ಸಮುದ್ರದ ನಡುವಿನಿಂದ ಇದ್ದಿನಬ್ಬನ ದನಿ ಕೇಳಿಸಿತು:

“ಹಾಯಿ ಹರಿದಿದೆ, ಉಳಿದದ್ದೆಲ್ಲ ಕ್ಷೇಮ. ಸೌತೆಕಾಯಿ ತಿಂದು ತಿಂದು ನಾಲಗೆ ಸತ್ತಿದೆ. ಕೋಳಿಗಳು ಮಾತ್ರ ಭಾರಿ ಖುಷಿಯಲ್ಲಿ ಮೊಟ್ಟೆ ಇಡ್ತಾ ಉಂಟು.”

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ಮೈಮೂನಾ ಮೈಕಿಗೆ ಬಾಯಿಟ್ಟು ಗಂಡನಿಗೆ ಬ್ಯಾರಿ ಭಾಷೆಯಲ್ಲಿ ಚೆನ್ನಾಗಿ ಬೈದಳು. ಅದನ್ನು ಅನುವಾದಿಸಿ ಹೇಳಲು ಯಾರೂ ಮುಂದಾಗಲಿಲ್ಲ.

ಸುದ್ದಿ ಹರಡಿತು. ಎರಡೇ ವಾರದಲ್ಲಿ ಕೋರಿಕೆಗಳ ಮಳೆ. ಕಳೆದುಹೋದ ಎಮ್ಮೆ ಹುಡುಕಿಕೊಡಿ, ಮಗಳ ಮದುವೆಯ ಚಪ್ಪರದ ಚಿತ್ರ ತೆಗೆದುಕೊಡಿ, ಪಕ್ಕದವ ಬೇಲಿ ಸರಿಸಿದ್ದಾನೋ ನೋಡಿ ಹೇಳಿ. ವೇದಾವತಿ ಎಲ್ಲವನ್ನೂ ಓದಿ ಬಿದ್ದು ಬಿದ್ದು ನಗುತ್ತಿದ್ದರು.

ಆ ದಿನಗಳಲ್ಲೇ ಸುಡಾನಿನಿಂದ ಒಂದು ಕರೆ ಬಂತು. ನೈಲ್ ನದಿಯ ದಂಡೆಯ ಊರೊಂದರ ಶಾಲಾ ಶಿಕ್ಷಕಿ ಹವಾ ಇದ್ರೀಸ್. ಆಕೆಯ ಅರಬ್ಬಿಯನ್ನು ಯಂತ್ರ ಕನ್ನಡಕ್ಕೆ ತಿರುಗಿಸಿ ಹೇಳಿತು: “ನಿಮ್ಮ ಉಪಗ್ರಹದ ಚಿತ್ರ ನೋಡಿ ನದಿ ಎಷ್ಟು ಏರಿದೆ ಎಂದು ನಾವು ಊರಿಗೆ ತಿಳಿಸುತ್ತೇವೆ. ಹೋದ ತಿಂಗಳು ಒಂದು ದಿನ ಚಿತ್ರವೇ ಬರಲಿಲ್ಲ. ಉಪಗ್ರಹ ಕೆಟ್ಟಿತ್ತೇ?”

ವೇದಾವತಿ ತಾರೀಖು ತೆಗೆದು ನೋಡಿದರು. ಅದು ಮಂಜಿ ಹುಡುಕಿದ ದಿನ. “ಆವತ್ತು ನದಿ ಏರಿತ್ತೇ?”

“ಇಲ್ಲ. ನಮ್ಮ ಪುಣ್ಯ, ಸುಮ್ಮನೆ ಮಲಗಿತ್ತು.”

ವೇದಾವತಿ ಮಂಜಿಯ ಕತೆಯನ್ನೆಲ್ಲ ಹೇಳಿದರು. ಹವಾ ಕೋಳಿಗಳ ಸುದ್ದಿಗೆ ಗಟ್ಟಿಯಾಗಿ ನಕ್ಕಳು. ಆಮೇಲೆ ಹೇಳಿದಳು: “ಅವರು ಉಳಿದದ್ದು ಸಂತೋಷ. ಕೇಳಿದ್ದರೆ ಆ ದಿನದ ಚಿತ್ರವನ್ನು ನಾವು ಖಂಡಿತ ಬಿಟ್ಟುಕೊಡುತ್ತಿದ್ದೆವು. ದಂಡೆಯ ಮೇಲೆ ಕಾವಲಿಗೆ ಇಬ್ಬರನ್ನು ನಿಲ್ಲಿಸಿದ್ದರೆ ಸಾಕಿತ್ತು.”

ಅಂದಿನಿಂದ ವೇದಾವತಿ ಹೊಸ ನಿಯಮ ಮಾಡಿದರು. ಬಾಲಂಗೋಚಿಯ ಹಾದಿ ಬದಲಿಸುವ ಮೊದಲು, ಯಾರ ಆಕಾಶ ಆ ದಿನ ಖಾಲಿ ಉಳಿಯುವುದೋ ಅವರಿಗೆ ತಿಳಿಸಿ ಒಪ್ಪಿಗೆ ಕೇಳಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆಂದು ಉಡುಪರು ಗೊಣಗಿದರು. ಆದರೆ ಕೇಳಿದಾಗ ಹೆಚ್ಚಿನವರು ‘ತಗೊಳ್ಳಿ’ ಎಂದೇ ಹೇಳಿದರು. ಕೆಲವರು ‘ಯಾರು ಕಳೆದುಹೋಗಿದ್ದಾರೆ? ಸಿಕ್ಕಿದ ಮೇಲೆ ನಮಗೂ ಹೇಳಿ’ ಎಂದರು.

ಒಂದು ಸಂಜೆ ಮೈಮೂನಾ ಬಂಗುಡೆ ಮೀನಿನ ಉಪ್ಪಿನಕಾಯಿಯ ಎರಡು ಭರಣಿ ಹಿಡಿದುಕೊಂಡು ಬಂದಳು. ಒಂದು ವೇದಾವತಿಯವರಿಗೆ, ಇನ್ನೊಂದು ಹೇಗಾದರೂ ಮಾಡಿ ಸುಡಾನಿಗೆ ಕಳಿಸಬೇಕು. ಇಬ್ಬರೂ ಮಹಡಿಗೆ ಹೋಗಿ ನಿಂತರು. ಇನ್ನೂ ತಿಳಿಬೆಳಕಿದ್ದ ಪಶ್ಚಿಮದಲ್ಲಿ ಯಾವುದೋ ಉಪಗ್ರಹ ಹೊಳೆಯುವ ಚುಕ್ಕೆಯಾಗಿ ಎದ್ದು ತಲೆಯ ಮೇಲಿಂದ ಸಾಗಿತು.

“ಅದು ನಿಮ್ಮದಾ ಅಕ್ಕ?”

“ಅಲ್ಲ. ಯಾರದ್ದೋ ಹಳೆಯದು. ನಾವು ಸಣ್ಣವರಿರುವಾಗಿನಿಂದ ಇಂಥವು ಸಾವಿರ ಸಾವಿರ ಓಡಾಡ್ತಾ ಇವೆ.”

ಚುಕ್ಕೆ ಮರೆಯಾಗುವವರೆಗೂ ನೋಡಿ ಮೈಮೂನಾ ಕೇಳಿದಳು:

“ಅವೆಲ್ಲ ಇಷ್ಟು ವರ್ಷ ಯಾರನ್ನು ಕೇಳಿ ನಮ್ಮ ಮೇಲೆ ಹೋಗ್ತಾ ಇದ್ದದ್ದು?”

ಕಕ್ಷೆಗಳ ಯಾವ ಲೆಕ್ಕವನ್ನು ಕೇಳಿದರೂ ಬಾಯಲ್ಲೇ ಹೇಳಬಲ್ಲ ವೇದಾವತಿ, ಆ ಪ್ರಶ್ನೆಯನ್ನು ಕೋರಿಕೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿಟ್ಟರು.