ಓಡುತ್ತಿದ್ದ ಗಾಡಿ

"ಬೆಂಕಿ ಹತ್ತಿದಾಗ ಗಾಡಿ ಓಡ್ತಿತ್ತಾ, ನಿಂತಿತ್ತಾ?"

ಇನ್ಶೂರೆನ್ಸ್ ಕಂಪನಿಯಿಂದ ಬಂದ ಸರ್ವೇಯರ್ ಅವಳನ್ನು ಕೇಳಿದ ಮೊದಲ ಮಾತೇ ಅದು.

ಅವನೆದುರು ಅವಳ ತಿಂಡಿಯ ಟ್ರೇಲರ್ ಒಂದು ಬದಿಯ ತಗಡು ಸುರುಟಿಕೊಂಡು ಮೈದಾನದ ಮೂಲೆಯಲ್ಲಿ ಬಿದ್ದಿತ್ತು. ಪಕ್ಕದ ಗಾಡಿಗಳಿಗೆ ಬೆಂಕಿ ತಗಲದಿರಲೆಂದು ಅಗ್ನಿಶಾಮಕ ದಳದವರು ಅದನ್ನು ಅಲ್ಲಿಗೆ ಎಳೆದು ಬಿಟ್ಟಿದ್ದರು.

"ಓಡ್ತಿತ್ತು," ಎಂದಳು. "ಚೆನ್ನಾಗೇ ಓಡ್ತಿತ್ತು."

ಅವನು ಬರೆದುಕೊಂಡು ತಲೆಯೆತ್ತಿದ. ಅನ್ನದ ದಾರಿಯೇ ಸುಟ್ಟುಹೋಗಿದ್ದರೂ ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಗ್ಯಾಸ್ ಪೈಪು ಕಳಚಿತು, ಪರದೆಗೆ ಬೆಂಕಿ ಹತ್ತಿತು ಎಂದು ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಕುಲುಕಾಟಕ್ಕೆ ಪೈಪು ಕಳಚಿರಬೇಕು ಎಂದುಕೊಂಡ ಅವನು.

"ಅಳು ಬಂದ್ರೆ ಅತ್ತುಬಿಡಿ. ಫೋಟೋ ಆಮೇಲೆ ತೆಗೀತೀನಿ," ಎಂದ.

"ಬರ್ತಿಲ್ಲ," ಎಂದಳು. ಅದು ನಿಜವಾಗಿತ್ತು.

ಮುಂದೆ ಎರಡು ಸಲ ಮನೆಗೂ ಬಂದ. ಅಳತೆ, ಬಿಲ್ಲು ಎಂದೆಲ್ಲ ಕೆಲಸವಿತ್ತು. ಆದರೆ ಟೀ ಮುಗಿದ ಮೇಲೂ ಖಾಲಿ ಲೋಟ ಹಿಡಿದು ಕೂತೇ ಇರುತ್ತಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು, ದುಡ್ಡು ಬರುತ್ತೆ, ಗಾಡಿ ಮತ್ತೆ ಎದ್ದು ನಿಲ್ಲುತ್ತೆ ಎನ್ನುತ್ತಿದ್ದ. ಅವಳು ನಂಬಿದಳು. ನಂಬುವುದಕ್ಕೆ ಮನಸ್ಸು ಬೇಕಾಗಿರಲಿಲ್ಲ, ತಲೆ ಆಡಿಸಿದರೆ ಸಾಕಿತ್ತು.

ಆಮೇಲೆ ಕಂಪನಿಯ ಉತ್ತರ ಬಂತು. ಅವಳ ಪಾಲಿಸಿ ಇದ್ದದ್ದು ನಿಂತು ವ್ಯಾಪಾರ ಮಾಡುವ ಗಾಡಿಗೆ. ರಸ್ತೆಯಲ್ಲಿ ಎಳೆದೊಯ್ಯುವಾಗ ಆದ ನಷ್ಟ ಅದರಲ್ಲಿ ಸೇರುವುದಿಲ್ಲ. ಗಾಡಿ ಓಡುತ್ತಿತ್ತೆಂದು ಮಾಲೀಕರೇ ಹೇಳಿದ್ದಾರೆ. ಆದ್ದರಿಂದ ಪರಿಹಾರವಿಲ್ಲ.

ಚಿಕ್ಕಮ್ಮ, ಅವಳೊಟ್ಟಿಗೆ ಅದೇ ಗಾಡಿಯಲ್ಲಿ ಒಲೆ ಮುಂದೆ ದುಡಿದವಳು, ಕಾಗದವನ್ನು ತಿರುವಿ ಮುರುವಿ ನೋಡಿದಳು. "ನಿನ್ನ ಬಾಯಿಂದ್ಲೇ ಮಾತು ಹೊರಡಿಸಿ, ನಿನ್ನ ಬಾಯಿಗೇ ಮಣ್ಣು ಹಾಕಿದನಲ್ಲೇ. ಟೀಗೆ ಏಲಕ್ಕಿ ಬೇರೆ ಹಾಕಿ ಕೊಡ್ತಿದ್ದೆ ಅವನಿಗೆ!"

ಅವಳು ಕಾಗದ ಮಡಚಿಟ್ಟಳು. ಬೇಕೆಂದೇ ಕೇಳಿದ್ದ... ಬೇಕೆಂದೇ ಬರೆದುಕೊಂಡಿದ್ದ. ಸಿಟ್ಟು ಬರಬೇಕಿತ್ತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಮುಟ್ಟಿಕೊಂಡರೆ ಬೇರೆಯವರ ದವಡೆ ಮುಟ್ಟಿದಂತಿರುತ್ತದಲ್ಲ, ಹಾಗಿತ್ತು ಒಳಗೆ. ಮರುದಿನದಿಂದ ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಹೋದಳು.

ಅವನು ಅಲ್ಲಿಗೇ ಬಂದ, ಮಟಮಟ ಮಧ್ಯಾಹ್ನ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಗಾಡಿ ಓಡ್ತಿತ್ತು ಅಂದ್ರಲ್ಲ..."

"ಓಡ್ತಿತ್ತಲ್ಲ. ಗಿರಾಕಿಗಳು ಸಾಲಾಗಿ ನಿಂತಿದ್ರು."

"ಚಕ್ರ?"

"ಚಕ್ರ ಯಾಕೆ ಓಡುತ್ತೆ? ಉರಿಯೋ ಒಲೆ ಇಟ್ಕೊಂಡು ಯಾರಾದ್ರೂ ಮೆರವಣಿಗೆ ಹೋಗ್ತಾರಾ?"

ಅವನು ತರಕಾರಿ ಮೂಟೆಯ ಮೇಲೆ ಕುಸಿದು ಕೂತ. ಬೆಳಿಗ್ಗೆ ಜ್ಯೂಸ್ ಗಾಡಿಯವನೊಬ್ಬ ಫೋನಿನಲ್ಲಿ ಭಾವನಿಗೆ ಹೇಳುತ್ತಿದ್ದನಂತೆ, ದೇವರ ದಯೆ, ಗಾಡಿ ಚೆನ್ನಾಗಿ ಓಡ್ತಿದೆ ಎಂದು. ಇವನು ನೋಡಿದರೆ ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿತ್ತಂತೆ. ಆಗಲೇ ನೇರ ಇಲ್ಲಿಗೆ ಹೊರಟನಂತೆ.

"ಇಷ್ಟು ದಿನ ಲಾರಿ, ಕಾರು ನೋಡಿದವನು ನಾನು," ಎಂದ. "ಓಡೋದು ಅಂದ್ರೆ ರಸ್ತೆ ಮೇಲೆ ಅಂದ್ಕೊಂಡೆ. ವ್ಯಾಪಾರದ ಮಾತು ಅಂತ ಹೊಳೀಲೇ ಇಲ್ಲ. ತಪ್ಪು ನಂದು. ಆಫೀಸಲ್ಲಿ ಹೇಳ್ತೀನಿ."

"ಹೇಳಿ," ಎಂದಳು.

ಅವನು ಕಾದ. ಅವಳು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

ಅದಾದ ಮೇಲೆ ಬಂದದ್ದು ಅವನಲ್ಲ, ಬೇರೊಬ್ಬ ಸರ್ವೇಯರ್. ವಯಸ್ಸಾದ ಹೆಂಗಸು, ಮಾತು ಕಡಿಮೆ. ಸಾಲಿನ ವ್ಯಾಪಾರಿಗಳನ್ನೆಲ್ಲ ವಿಚಾರಿಸಿದರು. ಗಾಡಿ ನಿಂತಿದ್ದ ಜಾಗದಲ್ಲಿ ಕಲ್ಲುಹಾಸು ಕಪ್ಪಾಗಿದ್ದನ್ನು ಬಗ್ಗಿ ನೋಡಿದರು. ಪರಿಹಾರ ಮಂಜೂರಾಯಿತು. ಹೊಸ ತಗಡು, ಹೊಸ ಪೈಪು ಬಂದವು. ಚಿಕ್ಕಮ್ಮ ಆನಂದಕ್ಕೆ ಅತ್ತಳು. ಅವಳು ಅಳಲಿಲ್ಲ.

ಅವನು ಒಮ್ಮೆಯೂ ಬರಲಿಲ್ಲ, ಒಂದು ಫೋನೂ ಇಲ್ಲ. ತಪ್ಪು ಒಪ್ಪಿಕೊಂಡು ಕೈ ತೊಳೆದುಕೊಂಡ ಎಂದುಕೊಂಡಳು. ಆದರೂ ಮನೆಯ ಮುಂದೆ ಯಾರದೇ ಬೈಕು ನಿಧಾನವಾದರೂ ಅವಳ ಕೈಯಲ್ಲಿದ್ದ ಕೆಲಸವೂ ನಿಧಾನವಾಗುತ್ತಿತ್ತು. ಅದೊಂದನ್ನು ಮಾತ್ರ ಚಿಕ್ಕಮ್ಮನಿಗೆ ಕಾಣದಂತೆ ನೋಡಿಕೊಂಡಳು.

ಗಾಡಿ ಮತ್ತೆ ತೆರೆದ ದಿನ ಸಾಲಿನ ಕೊನೆಯಲ್ಲಿ ಅವನು ನಿಂತಿದ್ದ. ಗುರುತಿನ ಚೀಟಿ ಇಲ್ಲ, ಕ್ಯಾಮೆರಾ ಇಲ್ಲ. ಮುಂದಿದ್ದವರೆಲ್ಲ ತಿಂದು ಹೋಗುವವರೆಗೂ ಕಾದು ಕಿಟಕಿಗೆ ಬಂದ.

"ಏನು ಕೊಡ್ಲಿ?" ಎಂದು ಕೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ. "ನೀವ್ಯಾಕೆ ಬರಲಿಲ್ಲ?"

"ಸಂಬಂಧ ಇರೋರ ಗಾಡೀನ ಸರ್ವೇಯರ್ ನೋಡೋ ಹಾಗಿಲ್ಲ. ನಮ್ಮಲ್ಲಿ ನಿಯಮ. ಅದಕ್ಕೇ ಬೇರೆಯವರಿಗೆ ವಹಿಸಿ ಅಂದೆ."

"ನಮಗೂ ನಿಮಗೂ ಏನು ಸಂಬಂಧ?"

"ಮೇಲಿನವರೂ ಅದನ್ನೇ ಕೇಳಿದ್ರು." ಅವನ ಕಿವಿ ಕೆಂಪಾಯಿತು. "ಇನ್ನೂ ಏನಿಲ್ಲ ಸಾರ್, ಮುಂದೆ ಆದ್ರೆ ಚೆನ್ನಾಗಿರುತ್ತೆ ಅಂತ ಆಸೆ ಇದೆ ಅಂದೆ. ಆಫೀಸೆಲ್ಲ ನಗ್ತಿದೆ."

ಒಳಗಿನಿಂದ ಚಿಕ್ಕಮ್ಮ ಕತ್ತು ಚಾಚಿದಳು. "ಯಾರೇ ಅದು? ಸಂಬಂಧ ಕೇಳ್ಕೊಂಡು ಬಂದಿದಾರಾ?"

ಅವನು ಇಲ್ಲ ಎನ್ನಲಿಲ್ಲ.

ಅವಳು ಒಲೆ ಸಣ್ಣ ಮಾಡಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಬೆಂಕಿ ಬಿದ್ದಾಗಿಂದ ನನಗೆ ಏನೂ ಅನ್ಸಲ್ಲ. ಖುಷೀನೂ ಇಲ್ಲ, ದುಃಖಾನೂ ಇಲ್ಲ. ನೀವು ಬರದೇ ಇದ್ದಾಗ ಮಾತ್ರ... ಇಲ್ಲಿ ಎದೇಲಿ ಏನೋ ಒತ್ತಿದ ಹಾಗಾಗ್ತಿತ್ತು. ಅದಕ್ಕೆ ಏನಂತಾರೋ ಗೊತ್ತಿಲ್ಲ."

"ಹೆಸರು ಈಗ್ಲೇ ಬೇಡ," ಎಂದ ಅವನು ಮೆಲ್ಲಗೆ. "ನಾಳೆಯೂ ಬಂದು ಸಾಲಲ್ಲಿ ನಿಲ್ತೀನಿ. ನಾಡಿದ್ದೂ."

ಅವಳು ಸೌಟು ಕೆಳಗಿಟ್ಟು ಕೈ ಒರೆಸಿಕೊಂಡಳು. ಕಣ್ಣು ಉರಿಯಿತು. ಹೊಗೆಯೇನೂ ಇರಲಿಲ್ಲ.

"ಸಾಲಲ್ಲಿ ಬೇಡ," ಎಂದಳು. "ಹಿಂದುಗಡೆ ಬಾಗಿಲಿದೆ. ಒಳಗೆ ಬನ್ನಿ."

"ಈಗ್ಲಾ?"

"ಈಗ್ಲೇ. ಬಗ್ಗಿ ಬನ್ನಿ, ತಲೆ ಜೋಪಾನ."