ಸುತ್ತುವ ಗಂಧರ್ವನ ಪೆಟ್ಟಿಗೆ

ಒಂದಾನೊಂದು ಊರಿನಲ್ಲಿ, ಒಂದು ಮರದ ಪೆಟ್ಟಿಗೆಯೊಳಗೆ ಒಬ್ಬ ಗಂಧರ್ವನಿದ್ದನಂತೆ. ಅವನಿಗೆ ನಿಂತು ಹಾಡಲು ಬರುತ್ತಿರಲಿಲ್ಲ. ಸುತ್ತುತ್ತಾ ಸುತ್ತುತ್ತಾ ಹಾಡುತ್ತಿದ್ದ. ಮುಖ ಇತ್ತ ತಿರುಗಿದರೆ ಹಾಡು ಹತ್ತಿರ, ಅತ್ತ ತಿರುಗಿದರೆ ದೂರ... ಒಂದು ದಿನ ಅವನನ್ನು ಸುತ್ತಿಸುತ್ತಿದ್ದ ಕೈ ಇಲ್ಲವಾಯಿತು. ಗಂಧರ್ವ ಮೌನವಾದ. ಅವನನ್ನು ಮತ್ತೆ ಸುತ್ತಿಸಿದವರಿಗೆ...

"ಅವರಿಗೆ ಏನು ಸಿಗುತ್ತೆ ಅಜ್ಜಿ?"

"ಸುತ್ತಿಸಿದ ಮೇಲೆ ಹೇಳ್ತೀನಿ. ಈಗ ಮಲಗು."

ಪ್ರತಿ ಸಲವೂ ಅಜ್ಜಿ ಕೋಮಲವಲ್ಲಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು.

ಇಪ್ಪತ್ತು ವರ್ಷಗಳ ನಂತರ ಅದೇ ಪೆಟ್ಟಿಗೆ ಅರಸೀಕೆರೆಯ ಒಂದು ಸೌಂಡ್ ಸರ್ವಿಸ್ ಅಂಗಡಿಯ ಮುಂದೆ ಆಟೋದಿಂದ ಇಳಿಯಿತು. ಜೊತೆಗೆ ಬೆನ್ನಿಗೆ ಗಿಟಾರ್ ಹಾಕಿಕೊಂಡ ಮೊಮ್ಮಗಳು ಶ್ರೀಜಾ.

ಒಳಗೆ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದವನು ತಲೆ ಎತ್ತಿ ನೋಡಿದ.

"ಮೇಡಂ, ಬೀರು ರಿಪೇರಿ ಇಲ್ಲಿ ಮಾಡಲ್ಲ."

ಶ್ರೀಜಾಗೆ ಎಲ್ಲಿಲ್ಲದ ಕೋಪ ಬಂತು.

"ಇದು ಬೀರು ಅಲ್ಲ ಕಣ್ರೀ... ನಮ್ಮ ತಾತ!"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ಅವನು ಹೇಮಂತ್. ಹಾರನಹಳ್ಳಿಯವನು. ಸುತ್ತಮುತ್ತಲಿನ ಆರ್ಕೆಸ್ಟ್ರಾದವರ, ಗಿಟಾರಿನ ಸದ್ದು ಬದಲಿಸುವ ಪೆಡಲ್ ಕೆಟ್ಟರೆ ಎಲ್ಲರೂ ಬರುತ್ತಿದ್ದದ್ದು ಅವನ ಬಳಿಗೇ. ಶ್ರೀಜಾ ಉಸಿರು ಬಿಡದೆ ಹೇಳಿದಳು. ಅವಳ ತಾತ ಸಂಪತ್ಕುಮಾರ್ ಹಳೇಬೀಡಿನಲ್ಲಿ ಮೇಷ್ಟ್ರು, ಭಾನುವಾರ ಆರ್ಕೆಸ್ಟ್ರಾದಲ್ಲಿ ಆರ್ಗನ್ ವಾದಕರು. ಆರ್ಗನ್ನಿನ ಸದ್ದು ಸುತ್ತಿ ಸುತ್ತಿ ಬರಲೆಂದು, ಸ್ಪೀಕರ್ ಮುಂದೆ ಪೀಪಾಯಿಯಂಥ ಡ್ರಮ್ ಸುತ್ತುವ ಈ ಪೆಟ್ಟಿಗೆಯನ್ನು ಕೈಯಾರೆ ಮಾಡಿದ್ದರು. ಆರ್ಗನ್ ಈಗ ಇಲ್ಲ, ತಾತನೂ ಇಲ್ಲ.

"ಅಜ್ಜಿಗೆ ಎರಡೂ ಕಿವಿ ಮಂದವಾಗ್ತಿದೆ. ಡಾಕ್ಟರು ಯುಗಾದಿವರೆಗೆ ಕೇಳಿಸಬಹುದು ಅಂದಿದ್ದಾರೆ. ಅಷ್ಟರೊಳಗೆ ಆ ಸದ್ದು ಇನ್ನೊಂದ್ಸಲ ಕೇಳಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ... ಗಿಟಾರಲ್ಲಾದ್ರೂ ಸರಿ. ಆಗುತ್ತಾ?"

ಹೇಮಂತ್ ಹಿಂದಿನ ಹಲಗೆ ಬಿಚ್ಚಿ ಒಳಗೆ ಇಣುಕಿದ. ಬಹಳ ಹೊತ್ತು ಇಣುಕಿದ. ಆಮೇಲೆ ಹಲಗೆಯನ್ನು ಹಾಗೇ ಮುಚ್ಚಿ, ಅವಳ ಕಣ್ಣು ನೋಡಿ ಹೇಳಿದ:

"ಆಯ್ತದೆ."

ಅಂದಿನಿಂದ ಪ್ರತಿ ಭಾನುವಾರ ಶ್ರೀಜಾಗೆ ತನ್ನ ಮನೆಯಿದ್ದ ಬೇಲೂರಿನಿಂದ ಬಸ್ಸು. ಪೆಟ್ಟಿಗೆ ಮೂಲೆಯಲ್ಲೇ ಇತ್ತು. ಹೇಮಂತ್ ಮಾತ್ರ ಪೆಡಲ್‌ಗಳನ್ನೇ ಜೋಡಿಸುತ್ತಿದ್ದ. ಒಂದು ಪೆಡಲ್ ಸ್ವರವನ್ನು ಅಲೆಯಂತೆ ತೂಗುತ್ತಿತ್ತು, ಇನ್ನೊಂದು ಸದ್ದನ್ನು ಏರಿಸಿ ಇಳಿಸುತ್ತಿತ್ತು.

"ಹೆಂಗೈತೆ?"

"ಗಿಟಾರ್‌ಗೆ ಚಳಿಜ್ವರ ಬಂದ ಹಾಗಿದೆ. ನಡುಗ್ತಿದೆ, ಸುತ್ತುತ್ತಿಲ್ಲ!"

"ಕ್ರೋಸಿನ್ ಹಾಕ್ಲಾ?"

ಶ್ರೀಜಾ ನಕ್ಕುಬಿಟ್ಟಳು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳಿಗೆ ನೆನಪಾಗುತ್ತಿದ್ದದ್ದು ಸದ್ದಲ್ಲ... ಕಿವಿಯನ್ನು ಸ್ಪೀಕರ್‌ಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ ಆ ಮುಖ! 'ಛೀ, ಏನಾಗಿದೆ ನನಗೆ?'

ಒಂದು ಭಾನುವಾರ ಅವಳು ಒಂದು ಗಂಟೆ ಮೊದಲೇ ಬಂದಳು.

ಮೂಲೆ ಖಾಲಿ. ಹಿಂಬಾಗಿಲ ಬಳಿ ಒಂದು ಗೋಣಿಚೀಲ. ಅದರಲ್ಲಿ ತುಂಡುತುಂಡಾದ ಹಲಗೆಗಳು... ತಾತ ಬಳಿದಿದ್ದ ಅದೇ ಹಸಿರು ಬಣ್ಣ!

"ನಮ್ಮ ತಾತನ್ನ ಸೌದೆ ಮಾಡಿಬಿಟ್ರಾ?"

"ಶ್ರೀಜಾ, ಒಂದ್ನಿಮಿಷ..."

"ಆಯ್ತದೆ ಅಂದಿದ್ರಿ!"

"ಸದ್ದು ಆಯ್ತದೆ ಅಂದಿದ್ದು, ಪೆಟ್ಟಿಗೆ ಅಲ್ಲ ಕಣ್ರೀ. ನಿಮಗೆ ಹೇಳೋಕೆ ನಂಗೆ ಬಾಯೇ ಬರಲಿಲ್ಲ..."

ಉಳಿದದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಬಸ್ಸಿನ ಕಿಟಕಿಯಾಚೆ ತೆಂಗಿನ ತೋಟಗಳೆಲ್ಲ ಕಣ್ಣೀರಲ್ಲಿ ಕಲಸಿಹೋದವು.

ಮನೆಗೆ ಬಂದವಳೇ ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿ ಅತ್ತಳು. ಕೋಮಲವಲ್ಲಿ ಅವಳ ಕೆನ್ನೆ ಒರೆಸಿದರು.

"ಅಯ್ಯೋ ಪೆದ್ದೀ! ಅದಕ್ಕೆ ನಿನ್ನ ತಾತ ತೀರಿಕೊಂಡ ವರ್ಷವೇ ಗೆದ್ದಲು ಹಿಡಿದಿತ್ತು. ಹೊರಗೆ ಬಣ್ಣ, ಒಳಗೆ ಬರೀ ಮಣ್ಣು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀನು ಅದರೊಳಗೆ ಗಂಧರ್ವ ಇದ್ದಾನೆ ಅಂತ ನಂಬಿದ್ದೆ. ನನಗೂ ಬಾಯಿ ಬರಲಿಲ್ಲ ಕಣೇ."

ಶ್ರೀಜಾ ಕಣ್ಣೊರೆಸಿಕೊಂಡಳು. ಹೇಮಂತ್ ಅಂದದ್ದೂ ಅದೇ ಮಾತು! 'ಅಂದರೆ ಮೊದಲ ದಿನವೇ ಅವನಿಗೆ ಗೊತ್ತಿತ್ತು... ನನ್ನ ಮುಖ ನೋಡಿ ಮುಚ್ಚಿಟ್ಟ!'

ಅಷ್ಟರಲ್ಲಿ ಕರೆಂಟ್ ಹೋಯಿತು. ಅಜ್ಜಿ ತಲೆ ಎತ್ತಿ ಫ್ಯಾನಿನ ಕಡೆ ಬೆರಳು ತೋರಿಸಿದರು.

"ನೋಡು, ತಕ್ಷಣ ನಿಲ್ಲುತ್ತಾ? ನಿನ್ನ ತಾತನ ಪೆಟ್ಟಿಗೆಯೂ ಹಾಗೇ. ಹಾಡಿನ ಕೊನೆಗೆ ಸ್ವಿಚ್ ಒತ್ತಿದ್ರೆ, ಮನಸ್ಸಿಲ್ಲದ ಮನಸ್ಸಿನಿಂದ ನಿಧಾನವಾಗ್ತಾ, ನಿಧಾನವಾಗ್ತಾ... ನನಗೆ ಹಾಡಿಗಿಂತ ಅದೇ ಇಷ್ಟ."

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಶ್ರೀಜಾ ಅರಸೀಕೆರೆಗೆ ಓಡಿದಳು.

ಹೇಮಂತನ ಮೇಜಿನ ಮೇಲೆ, ಹಳೆಯ ಪೆಟ್ಟಿಗೆಯಿಂದ ಉಳಿದ, ಡ್ರಮ್ ತಿರುಗಿಸುತ್ತಿದ್ದ ಎರಡು ಕಬ್ಬಿಣದ ಗಾಲಿಗಳಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದ.

"ಬಯ್ಯೋಕೆ ಬಂದ್ರಾ?" ಅವನ ದನಿ ಬಿದ್ದುಹೋಗಿತ್ತು.

"ತಪ್ಪಾಯ್ತು ಅನ್ನೋಕೆ ಬಂದೆ. ಅಜ್ಜಿ ಎಲ್ಲ ಹೇಳಿದ್ರು... ಮತ್ತೆ ಹೇಮಂತ್, ಅದು ತಕ್ಷಣ ನಿಲ್ಲಲ್ಲ! ಫ್ಯಾನ್ ತರ ನಿಧಾನಕ್ಕೆ ಇಳಿಯುತ್ತೆ!"

ಅವನ ಕಣ್ಣು ಅರಳಿತು.

"ಅದೇ ಸಿಗ್ತಿರಲಿಲ್ಲ ನೋಡಿ! ಈ ಗಾಲಿಗಳು ನಂಗೆ ಅರ್ಧ ಹೇಳಿದ್ವು. ತಾತ ಎರಡು ಡ್ರಮ್ ಇಟ್ಟಿದ್ರು. ಸಣ್ಣ ದನಿಗೆ ಒಂದು ವೇಗ, ದಪ್ಪ ದನಿಗೆ ಇನ್ನೊಂದು. ನಾನು ಎರಡನ್ನೂ ಒಂದೇ ವೇಗಕ್ಕೆ ತುರುಕಿದ್ದೆ, ಅದಕ್ಕೇ ಜ್ವರ!"

ಇಬ್ಬರೂ ನೆಲದ ಮೇಲೆ ಕೂತರು. ಗಿಟಾರಿನ ಸದ್ದನ್ನು ಎರಡಾಗಿ ಸೀಳಿದರು. ಸಣ್ಣ ದನಿ ಬೇಗ ತೂಗುವ ಪೆಡಲ್‌ಗೆ, ದಪ್ಪ ದನಿ ಸೋಮಾರಿ ಪೆಡಲ್‌ಗೆ. ಹಳೆಯ ಸ್ಪೀಕರಿನ ಒರಟುತನಕ್ಕೆ ಚೂರು ಓವರ್‌ಡ್ರೈವ್. ಎಡಕ್ಕೊಂದು ಆಂಪ್ಲಿಫೈಯರ್, ಬಲಕ್ಕೊಂದು. ವೇಗ ಏರಿಸಲು, ಇಳಿಸಲು ಕಾಲಿನ ಕೆಳಗೆ ಒಂದು ಹಲಗೆ ಪೆಡಲ್.

ಶ್ರೀಜಾ ತಂತಿ ಮೀಟಿದಳು. ಹಲಗೆಯನ್ನು ಮೆಲ್ಲಗೆ ಒತ್ತಿದಳು.

ಸದ್ದು ಎದ್ದಿತು. ಹೊರಳಿತು. ಸುತ್ತಿತು!

"ಬಂತು! ಹೇಮಂತ್, ಬಂತು!"

"ಬಂತು ಕಣ್ರೀ!" ಖುಷಿಯಲ್ಲಿ ಅವನು ಅವಳ ಕೈ ಹಿಡಿದಿದ್ದ. ಗೊತ್ತಾದೊಡನೆ ಬಿಟ್ಟ. "ನಿಮಗೆ ಒಂದು ಮಾತು ಹೇಳೋದೈತೆ... ಅಜ್ಜಿ ಕೇಳಿದ ಮೇಲೆ ಹೇಳ್ತೀನಿ."

ಯುಗಾದಿಗೆ ಇನ್ನೂ ಎಂಟು ದಿನವಿತ್ತು. ಬೇಲೂರಿನ ಮನೆಯ ನಡುಮನೆಯಲ್ಲಿ ಎರಡು ಆಂಪ್ಲಿಫೈಯರ್. ನಡುವೆ ಕುರ್ಚಿಯಲ್ಲಿ ಕೋಮಲವಲ್ಲಿ, ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು.

ತಾತ ಹೆಣ್ಣು ನೋಡಲು ಬಂದ ದಿನ ನುಡಿಸಿದ್ದ ರಾಗವನ್ನು ಶ್ರೀಜಾ ಎತ್ತಿಕೊಂಡಳು. ಅಜ್ಜಿ ಅಲುಗಾಡಲಿಲ್ಲ. ಕೇಳಿಸುತ್ತಿಲ್ಲವೇ? ಶ್ರೀಜಾ ಹೇಮಂತನತ್ತ ನೋಡಿದಳು.

"ಕಾಲು ಒತ್ತಿ," ಹೇಮಂತ್ ಪಿಸುಗುಟ್ಟಿದ.

ಒತ್ತಿದಳು. ಸದ್ದು ತಿರುಗತೊಡಗಿತು.

ಅಜ್ಜಿಯ ಮುಖ ಎಡಕ್ಕೆ ಹೊರಳಿತು. ಬಲಕ್ಕೆ ಹೊರಳಿತು. ಮತ್ತೆ ಎಡಕ್ಕೆ... ಸದ್ದಿನ ಹಿಂದೆಯೇ!

"ಬಂದ್ರು!" ಎಂದರು ಕೋಮಲವಲ್ಲಿ. ಕಣ್ಣು ತುಂಬಿ ಹರಿಯುತ್ತಿದ್ದರೂ ಬಾಯ್ತುಂಬ ನಗು. "ಶ್ರೀಜಾ, ಈಗ ಇಳಿಸು. ಅವಸರ ಮಾಡಬೇಡ."

ಶ್ರೀಜಾ ಕಾಲನ್ನು ಒಂದೊಂದೇ ಕೂದಲೆಳೆಯಷ್ಟು ಎತ್ತಿದಳು. ಗಂಧರ್ವ ನಿಧಾನವಾಗುತ್ತಾ ಬಂದ.

"ಅವನನ್ನ ಸುತ್ತಿಸಿದವರಿಗೆ ಏನು ಸಿಗುತ್ತೆ ಅಂತ ಕೇಳ್ತಿದ್ದೆಯಲ್ಲ?" ಅಜ್ಜಿ ಹೇಮಂತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಕ್ಕದಲ್ಲೇ ನಿಂತಿದೆ ನೋಡು!"

ಹೇಮಂತನ ಕಿವಿ ಕೆಂಪಾಯಿತು. ಕೊನೆಯ ಸ್ವರ ಇನ್ನೂ ಸುತ್ತುತ್ತಿತ್ತು.

"ಏನೋ ಹೇಳೋದಿದೆ ಅಂದಿದ್ರಿ?" ಶ್ರೀಜಾ ಕೇಳಿದಳು.

"ಅವಸರ ಬೇಡ ಅಂದ್ರಲ್ಲ ಅಜ್ಜಿ..."

"ಅಜ್ಜಿಗಿಲ್ಲ. ನನಗಿದೆ ಕಣೋ!"

"ನೀನು ಅಂದ್ರೆ ನಂಗೆ ಜೀವ ಕಣೇ, ಶ್ರೀಜಾ. ಬೀರು ಅಂದಿದ್ದ ದಿನದಿಂದ."

"ಗೊತ್ತಿತ್ತು."

ಸ್ವರ ಒಂದು ಕೊನೆಯ ಸುತ್ತು ಹಾಕಿ, ಮೆಲ್ಲಗೆ ನಿಂತಿತು.